ಮಗ್ಗದಲ್ಲಿ ಕೂತ ಅತ್ತೆ

ಭಟ್ಕಳದ ಹಳೇ ಮನೆಯೊಂದನ್ನು ರಿಪೇರಿ ಮಾಡಿ, ಜನ ನೋಡಲೆಂದು ತೆರೆಯುವವರಿದ್ದರು. ಅಲ್ಲಿಯ ಹರಿದ ಪರದೆಗಳಂಥದ್ದೇ ಹೊಸ ಪರದೆಗಳನ್ನು ಕೈಮಗ್ಗದಲ್ಲಿ ನೇಯ್ದವಳು ನಾನು. ಮಗು ಪಕ್ಕದ ತೊಟ್ಟಿಲಲ್ಲಿ ಇರುತ್ತಿತ್ತು. "ಆ ಟಕಟಕ ನಿಲ್ಸೇ, ತಲೆ ಒಡೀತದೆ" ಎಂದು ಅತ್ತೆ ದಿನವೂ ಬಯ್ಯುತ್ತಿದ್ದರು.

ನೇಯ್ದವರ ಫೋಟೋವನ್ನು ಆ ಮನೆಯಲ್ಲಿ ಹಾಕುತ್ತೇವೆಂದು ಒಬ್ಬ ಸಾಹೇಬ ಹೊನ್ನಾವರದ ನಮ್ಮ ಮನೆಗೆ ಕ್ಯಾಮೆರಾ ಹಿಡಿದು ಬಂದ. ನನ್ನ ನೈಟಿಯನ್ನೂ ಸೊಂಟದ ಮೇಲಿನ ಮಗುವನ್ನೂ ನೋಡಿ, "ನೇಯುವವರು ಎಲ್ಲಿ?" ಎಂದ.

"ಎಂತ, ನಾನು ಕಾಣುದಿಲ್ವಾ?"

"ಹಾಗಲ್ಲ ಮೇಡಂ, ಹಳೇ ಮನೆಗೆ ಹಳೇ ಕೈ ಇದ್ರೆ ಚೆಂದ."

ಜಗಲಿಯಲ್ಲಿ ಎಲೆಯಡಿಕೆಯ ಕವಳ ಹಾಕುತ್ತಿದ್ದ ಅತ್ತೆಯನ್ನು ಕರೆದು ಮಗ್ಗದಲ್ಲಿ ಕೂರಿಸಿದ. ಅತ್ತೆ ಲಾಳಿಯನ್ನು ಸೌಟಿನ ಹಾಗೆ ಹಿಡಿದು, "ನೀ ಬದಿಗೆ ಹೋಗೇ, ನೆರಳು ಬೀಳ್ತದೆ" ಎಂದು ನನಗೇ ಹೇಳಿದರು. ಬಾಣಂತಿ ಬೆನ್ನು ಬಗ್ಗಿಸಿ ನೇಯ್ದವಳು ನಾನು, ಹೆಸರು ಅವರಿಗೆ! ಮೈಯೆಲ್ಲ ಉರಿದುಹೋಯಿತು.

ಈಗ ಆ ಮನೆಯ ಗೋಡೆಯಲ್ಲಿ ಅತ್ತೆ ನಗುತ್ತಿದ್ದಾರೆ. ಹೋದ ವಾರ ಸಾಹೇಬ ಫೋನ್ ಮಾಡಿದ. ಮಾಳಿಗೆಗೂ ಪರದೆ ಬೇಕಂತೆ, ಆದರೆ ಆ ಅಜ್ಜಿಯೇ ನೇಯಬೇಕಂತೆ. "ಆತು" ಎಂದು ಫೋನನ್ನು ಅತ್ತೆಯ ಕೈಗಿಟ್ಟೆ.

ಅವತ್ತಿನಿಂದ ಅತ್ತೆಗೆ ವಿಪರೀತ ಸೊಂಟನೋವು.