ಡಚ್ ಮಾವನ ಧೈರ್ಯ

ಡಚ್ ಮಾವನ ಕಸುಬು ಕ್ಷೌರ. ಕುರ್ಚಿಯಲ್ಲಿ ಯಾರೇ ಕೂರಲಿ, ಮುಖಕ್ಕೆ ನೊರೆ, ಕಿವಿಗೆ ಬುದ್ಧಿವಾದ. "ಹೊಟ್ಟೆ ಗುಡಾಣ ಆಗಿದೆ, ಸ್ವಲ್ಪ ನಡೀರಿ." "ಹೆಂಡ್ತಿ ಹತ್ರ ಹಾಗಾ ಮಾತಾಡೋದು?" ಕತ್ತಿನ ಮೇಲೆ ಕತ್ತಿ ಇರುವಾಗ ಎದುರಾಡುವವರು ಯಾರು?

ಅವನಿಗೆ ಈ ಹೆಸರಿಟ್ಟವರು ಗಡ್ಡ ಬೋಳಿಸಿಕೊಳ್ಳಲು ಬರುವ ಇಂಗ್ಲಿಷ್ ಮೇಷ್ಟ್ರು. "ಹೀಗೆ ಮುಖದ ಮೇಲೆ ಹೊಡೆದ ಹಾಗೆ ಬುದ್ಧಿ ಹೇಳೋನನ್ನ ಇಂಗ್ಲಿಷಿನವರು ಡಚ್ ಮಾವ ಅಂತಾರೆ. ಒಂದು ಕಾಲಕ್ಕೆ ಸಮುದ್ರದ ವ್ಯಾಪಾರದಲ್ಲಿ ಇಂಗ್ಲಿಷಿನವರೂ ಹಾಲೆಂಡಿನ ಡಚ್ಚರೂ ಹಾವು ಮುಂಗುಸಿ. ಇಂಗ್ಲಿಷಿನವರು ತಮಗೆ ಹಿಡಿಸದ್ದಕ್ಕೆಲ್ಲ ಡಚ್ ಅಂತ ಬಾಲ ಕಟ್ಟಿದ್ರು."

"ಅವರ ಜಗಳದಲ್ಲಿ ನನ್ನ ಹೆಸರು ಯಾಕೆ ಕೆಡಿಸ್ತೀರಿ? ತಲೆ ಎತ್ತಿ."

ಹೆಸರು ಅಂಟಿಕೊಂಡಿತು.

ಊರಿಗೆಲ್ಲ ನೇರ ಮಾತಾಡುವ ಮಾವನಿಗೆ ತನ್ನದೇ ಒಂದು ಮಾತು ಮಾತ್ರ ಬಾಯಿಗೆ ಬರುತ್ತಿರಲಿಲ್ಲ. ಪಕ್ಕದ ಅಂಗಡಿಯಲ್ಲಿ ಬಟ್ಟೆ ಹೊಲಿಯುವ ವಿಧವೆಯ ಮೇಲೆ ಅವನಿಗೆ ಮನಸ್ಸು. ಅವಳ ಯಂತ್ರ ಗೋಡೆಯಾಚೆ ಸದ್ದು ಮಾಡುವವರೆಗೆ ಇವನ ಕತ್ತರಿ ಓಡದು. ಮಾತಾಡಲು ನೆಪ ಬೇಕಲ್ಲ. ಅಂಗಿಯ ಗುಂಡಿಯನ್ನು ತಾನೇ ಕೊಯ್ದುಕೊಂಡು ಹೋಗುವನು, ಹೊಲಿಸಿಕೊಂಡು ತೆಪ್ಪಗೆ ಬರುವನು. ಅಷ್ಟರಲ್ಲಿ ಸುದ್ದಿ ಬಂತು: ಅವಳು ಅಂಗಡಿ ಮುಚ್ಚಿ ತಂಗಿಯ ಊರಿಗೆ ಹೊರಟಿದ್ದಾಳೆ.

"ಕುಡಿದಾಗ ಬರೋ ಧೈರ್ಯಕ್ಕೆ ಡಚ್ ಧೈರ್ಯ ಅಂತಾರಪ್ಪ," ಎಂದು, ಮಾವನ ಮನಸ್ಸು ಗೊತ್ತಿದ್ದ ಮೇಷ್ಟ್ರು ತಮಾಷೆ ಮಾಡಿದರು.

ಮಾವ ಅದನ್ನು ವೈದ್ಯರ ಚೀಟಿ ಎಂದುಕೊಂಡ. ಜನ್ಮದಲ್ಲಿ ಕುಡಿಯದವನು, ಅಂದು ಸಂಜೆ ಮೂಗು ಹಿಡಿದು ಕುಡಿದು ಅವಳ ಬಾಗಿಲಿಗೆ ಹೋಗಿ ನಿಂತ. "ಗುಂಡಿ… ನಾನು… ಈ ಗೋಡೆ… ಒಡೆದುಬಿಡೋಣ."

"ಗೋಡೆ ಮುಟ್ಟಿ ನೋಡಿ, ಕೈ ಮುರೀತೀನಿ. ಹೋಗಿ ಮಲಗಿ!"

ಬೆಳಿಗ್ಗೆ ಮೇಷ್ಟ್ರಿಗೆ ನೊರೆ ಹಚ್ಚುತ್ತಾ ಮಾವ ಎಲ್ಲ ಹೇಳಿಕೊಂಡ. "ತಲೆಬುಡ ಇಲ್ಲದ ಮಾತಿಗೆ ಡಬಲ್ ಡಚ್ ಅಂತಾರೆ," ಎಂದು ಅವರು ನಗುವಷ್ಟರಲ್ಲಿ ಅವಳೇ ಒಳಗೆ ಬಂದಳು, ಕೊರಳಲ್ಲಿ ಟೇಪು.

"ಗುಂಡಿ ತಾನಾಗಿ ಬಿದ್ದಿದ್ದಾ, ಬ್ಲೇಡಲ್ಲಿ ಕೊಯ್ದಿದ್ದಾ ಅಂತ ದಾರ ನೋಡಿದ್ರೆ ನನಗೆ ಗೊತ್ತಾಗಲ್ವಾ? ಕುಡಿದವನ ಮಾತು ನನಗೆ ಬೇಡ. ಕೇಳೋದಿದ್ರೆ ಈಗ ಕೇಳಿ."

ಮಾವ ಬ್ರಷ್ಷು ಹಿಡಿದೇ ಅವಳತ್ತ ತಿರುಗಿದ. "ಹೋಗಬೇಡಿ," ಎಂದ. ಆಮೇಲೆ ಮೆಲ್ಲಗೆ, "ನನ್ನನ್ನ ಮದುವೆ ಆಗ್ತೀರಾ?"

"ನನ್ನ ಅಂಗಡಿ ನನ್ನದೇ. ಮನೆ ಖರ್ಚು ಅರ್ಧ ಅರ್ಧ. ಇನ್ನೊಂದು ಸಲ ಕುಡಿದ್ರೆ ಜಗಲಿ ಮೇಲೇ ಮಲಗೋದು. ಒಪ್ಪಿಗೇನಾ?"

"ಅವರವರ ಪಾಲು ಅವರವರೇ ಕೊಡೋದಕ್ಕೂ ಇಂಗ್ಲಿಷಲ್ಲಿ ಡಚ್…" ಮೇಷ್ಟ್ರ ಬಾಯಿಗೆ ನೊರೆಯ ಬ್ರಷ್ಷು ಹೋಯಿತು.

"ಒಪ್ಪಿಗೆ," ಎಂದ ಮಾವ.

ಅವಳು ಟೇಪು ತೆಗೆದು ಅವನ ಎದೆ ಸುತ್ತ ಹಿಡಿದಳು. "ಮದುವೆ ಅಂಗಿಗೆ ಅಳತೆ. ಉಸಿರು ಬಿಡಿ ಮಾರಾಯ್ರೇ! ಹೀಗೆ ಎದೆ ಉಬ್ಬಿಸಿ ನಿಂತ್ರೆ ನಾಳೆ ಅಂಗಿ ದೊಗಳೆ ಆಗತ್ತೆ."