ಏಣಿ ಮತ್ತು ಎರಡು ಚುಕ್ಕೆ

ಆ ಲಾಂಡ್ರಿಯಲ್ಲಿ ಅವಳನ್ನು ಎಲ್ಲರೂ ಗುರುತಕ್ಕ ಎಂದೇ ಕರೆಯುತ್ತಿದ್ದರು. ಹದಿನಾರನೇ ವಯಸ್ಸಿಗೆ ಸೇರಿದವಳಿಗೆ ಈಗ ನಲವತ್ತೊಂದು. ಒಗೆಯಲು ಬಂದ ಪ್ರತಿ ಬಟ್ಟೆಯ ಒಳಮೈಯಲ್ಲಿ, ಕಾಲರಿನ ಪಟ್ಟಿಗೋ ಸೊಂಟದ ಪಟ್ಟಿಗೋ, ಎಷ್ಟು ತಿಕ್ಕಿದರೂ ಹೋಗದ ಶಾಯಿಯಿಂದ ಗಿರಾಕಿಯ ಗುರುತು ಹಾಕುವುದು ಅವಳ ಕೆಲಸ. ಅಂಕಿ ಬರೆದರೆ ಆರು ಒಂಬತ್ತಾಗುತ್ತದೆ ಎಂದು ತಾನೇ ಚಿಹ್ನೆಗಳನ್ನು ಕಟ್ಟಿಕೊಂಡಿದ್ದಳು: ಅರ್ಧಚಂದ್ರ, ಬಾಚಣಿಗೆ ಹಲ್ಲು, ಏಣಿ, ಮೀನಿನ ಬಾಲ. ಮುನ್ನೂರು ಮನೆಗಳ ಗುರುತು ಅವಳ ನಾಲಿಗೆಯ ತುದಿಯಲ್ಲಿತ್ತು. ಯಾವ ಮನೆಯಲ್ಲಿ ಮಗು ಇನ್ನೂ ಹಾಸಿಗೆ ಒದ್ದೆ ಮಾಡುತ್ತದೆ, ಯಾವ ಮನೆಯ ಹೆಂಗಸು ಹರಿದದ್ದನ್ನು ಹೊಲಿದು ಹೊಲಿದು ಉಡುತ್ತಾಳೆ, ಎಲ್ಲ ಅವಳಿಗೆ ಗೊತ್ತು.

ಮಂಗಳವಾರ ಬೆಳಿಗ್ಗೆ ಎರಡು ಬೀದಿ ಆಚೆಯ ಬಸ್ ನಿಲ್ದಾಣದಲ್ಲಿ ಬಾಂಬು ಸಿಡಿದಾಗ ಅವಳು ಗುರುತಿನ ಮೇಜಿನ ಮುಂದೆ ಕೂತಿದ್ದಳು. ಕಿಟಕಿಯ ಗಾಜು ಇಡಿಯಾಗಿ ಬೆನ್ನ ಮೇಲೆ ಸುರಿಯಿತು. ಅಂದು ಸಂಜೆ ಮನೆಗೆ ಹೋಗಿ, ತಲೆಗೂದಲಿನಿಂದ ಗಾಜಿನ ಚೂರುಗಳನ್ನು ಬಾಚಿ ತೆಗೆದು, ಅಕ್ಕಿ ತೊಳೆದು ಒಲೆಗಿಟ್ಟಳು. ಗಂಡ, ಅತ್ತೆ, ಮಾವ ಟೀವಿಯ ಮುಂದೆ ನಲುಗಿ ಕೂತಿದ್ದರು. ನಲುಗಿದವರಿಗೂ ಹೊತ್ತಿಗೆ ಸರಿಯಾಗಿ ಹಸಿವಾಗುತ್ತದೆ.

ಅಡುಗೆಯ ನಡುವೆ ಅವಳು, ಇಂಟರ್‌ವ್ಯೂಗೆಂದು ಹಿಂದಿನ ದಿನ ಊರಿಗೆ ಬಂದಿದ್ದ ತಮ್ಮನಿಗೆ ಹನ್ನೊಂದು ಸಲ ಫೋನ್ ಮಾಡಿದಳು. ಸ್ವಿಚ್ ಆಫ್.

"ಹತ್ತು ಗಂಟೆಗೇ ಮೆಸೇಜ್ ಹಾಕಿದಾನಲ್ಲೇ, ಇಂಟರ್‌ವ್ಯೂ ಆಯ್ತು, ಬಸ್ ಹತ್ತುತೀನಿ ಅಂತ," ಎಂದ ಗಂಡ, ಟೀವಿಯಿಂದ ಕಣ್ಣು ಕೀಳದೆ. "ಬಾಂಬ್ ಸಿಡಿದಿದ್ದು ಹತ್ತೂ ನಲವತ್ತಕ್ಕೆ. ಅವನ ಫೋನಿಗೆ ಯಾವತ್ತು ಚಾರ್ಜ್ ಇತ್ತು ಹೇಳು?"

ಅದೂ ನಿಜವೇ. ತಮ್ಮ ಬೇರೆ ಊರಿನಲ್ಲಿ ಬಾಡಿಗೆ ಕೋಣೆಯಲ್ಲಿರುವವನು, ತಂದೆತಾಯಿ ತೀರಿಹೋಗಿದ್ದಾರೆ. ಬಂದನೋ ಬರಲಿಲ್ಲವೋ ಎಂದು ಬಾಗಿಲು ನೋಡುವವರು ಅಲ್ಲಿ ಯಾರೂ ಇಲ್ಲ. ಇಲ್ಲಿ ಅವಳೊಬ್ಬಳು.

ಬುಧವಾರ ಪೊಲೀಸರು ಬಟ್ಟೆಯ ಗಂಟು ತಂದರು. ಗುರುತು ಸಿಗದ ಹೆಣಗಳ ಮೈಮೇಲಿದ್ದವು. ಆಸ್ಪತ್ರೆಯ ಜಗಲಿಯಲ್ಲಿ ಗಂಡಂದಿರು ಸಾಲಾಗಿ ನಿಂತಿದ್ದರಂತೆ. ಹೆಂಡತಿ ಬೆಳಿಗ್ಗೆ ಉಟ್ಟದ್ದು ಹಸಿರೋ ನೀಲಿಯೋ ಎಂದರೆ ಒಬ್ಬನ ಬಾಯಿಂದಲೂ ಉತ್ತರ ಹೊರಡಲಿಲ್ಲವಂತೆ. ಅವಳ ಕೈಯ ತಿಂಡಿ ತಿಂದೇ ಮನೆಯಿಂದ ಹೊರಟವರು! ಗುರುತಕ್ಕ ಒಂದೊಂದನ್ನೂ ಮಗುಚಿ, ಪಟ್ಟಿ ಬಿಡಿಸಿ ಹೇಳಿದಳು: "ಇದು ಮೂರನೇ ಮಹಡಿಯ ಟೀಚರಮ್ಮಂದು. ಇದು ಔಷಧಿ ಅಂಗಡಿಯವರ ಸೊಸೆಯದು, ಗುಂಡಿ ನಾನೇ ಬದಲಾಯಿಸಿದ್ದು." ಐದು ಮನೆಗಳಿಗೆ ಅವಳ ಬಾಯಿಂದಲೇ ಸಾವಿನ ಸುದ್ದಿ ಹೋಯಿತು.

ಗುರುವಾರ ಅದೇ ಇನ್ಸ್‌ಪೆಕ್ಟರು ಮತ್ತೆ ಬಂದ. ಈ ಸಲ ಒಂದೇ ಒಂದು ಪ್ಲಾಸ್ಟಿಕ್ ಚೀಲ.

"ಇದು ಹೆಣದ್ದಲ್ಲಮ್ಮ, ಬದುಕಿರೋನದು. ಮುಖ ಎಲ್ಲ ಬ್ಯಾಂಡೇಜು, ಮಾತಿಲ್ಲ. ಜೇಬಲ್ಲಿ ಏನೂ ಇಲ್ಲ. ಮೂರು ದಿನ ಆಯ್ತು, ಹುಡುಕ್ಕೊಂಡು ಒಂದು ನರಪಿಳ್ಳೆ ಬಂದಿಲ್ಲ."

"ಅಂದ್ರೆ ಅವನೇ ಬಾಂಬ್ ಇಟ್ಟೋನು ಅಂತಾಯ್ತು," ಎಂದರು ಲಾಂಡ್ರಿಯ ಯಜಮಾನರು.

"ಪೇಪರಿನವರಂತೂ ಆಗಲೇ ಬರೆದಾಯ್ತು. ಡಾಕ್ಟರು ಇವತ್ತೇ ಆಪರೇಷನ್ ಆಗಬೇಕು ಅಂತಾರೆ. ಮೇಲಿನವರು, ಯಾರೂಂತ ಗೊತ್ತಾಗ್ದೆ ಇದ್ರೆ ಮಧ್ಯಾಹ್ನ ಜೈಲಾಸ್ಪತ್ರೆಗೆ ಸಾಗಿಸಿ ಅಂತಾರೆ. ಅಲ್ಲಿ ಆಪರೇಷನ್ ಆಗೋದಿಲ್ಲ. ಸ್ವಲ್ಪ ನೋಡಮ್ಮ."

ಬಿಳಿ ಶರ್ಟು, ತೆಳು ನೀಲಿ ಗೀರು. ಕತ್ತರಿಯಿಂದ ಸೀಳಿ ಬಿಚ್ಚಿದ್ದರು. ಕಾಲರಿನ ಒಳಗೆ ಅವಳ ಕೈಬರಹವೇ: ಒಂದು ಏಣಿ, ಪಕ್ಕದಲ್ಲಿ ಎರಡು ಚುಕ್ಕೆ.

ಅದು ಮುಖ್ಯರಸ್ತೆಯ ವಕೀಲರ ಗುರುತು. ವಕೀಲರು ಊರಲ್ಲಿಲ್ಲ, ಬರುವುದು ಮುಂದಿನ ಸೋಮವಾರ.

ಲಾಂಡ್ರಿಯ ಹೆಂಗಸರೊಳಗೆ ಒಂದು ಒಳಗುಟ್ಟಿತ್ತು. ಅದಕ್ಕವರು 'ಗಾಳಿ ಹಾಕೋದು' ಎನ್ನುತ್ತಿದ್ದರು. ಗಿರಾಕಿ ಊರಲ್ಲಿಲ್ಲದಾಗ ಇಸ್ತ್ರಿಯಾದ ಬಟ್ಟೆಯೊಂದು ಒಂದು ದಿನದ ಮಟ್ಟಿಗೆ ಯಾರದೋ ಮನೆಗೆ ಹೋಗುತ್ತಿತ್ತು. ಒಬ್ಬಳ ಮಗನ ಫೋಟೋಕ್ಕೆ ಕೋಟು, ಇನ್ನೊಬ್ಬಳ ಮಗಳು ಸ್ಕೂಲಲ್ಲಿ ಬಹುಮಾನ ತಗೊಳ್ಳಲು ರೇಷ್ಮೆ ಲಂಗ. ಮರುದಿನ ಒಗೆದು, ಇಸ್ತ್ರಿ ಮಾಡಿ, ತೆಗೆದ ಗೂಟಕ್ಕೇ ನೇತುಹಾಕಬೇಕು. ಇಪ್ಪತ್ತು ವರ್ಷಗಳಲ್ಲಿ ಒಂದು ಗುಂಡಿಯೂ ಕಳೆದಿರಲಿಲ್ಲ. ಯಜಮಾನರಿಗೆ ತಿಳಿದರೆ ಏಳು ಜನ ಹೆಂಗಸರೂ ಬೀದಿಪಾಲು.

ಸೋಮವಾರ ಸಂಜೆ ಆ ಶರ್ಟಿಗೆ ಗಾಳಿ ಹಾಕಿದವಳು ಅವಳೇ. ತಮ್ಮನ ಹೆಗಲಿಗೆ ಹಿಡಿದು ನೋಡಿ, "ವಕೀಲರು ಬರೋದು ತಡ, ಭಾನುವಾರ ತಂದುಕೊಟ್ಟರೆ ಸಾಕು ಕಣೋ, ಒಳ್ಳೇ ವಕೀಲನ ಹಾಗೇ ಕಾಣ್ತೀಯ" ಎಂದು ನಕ್ಕಿದ್ದಳು.

"ಏನಮ್ಮ, ಯಾರದು?"

"ಶಾಯಿ ಮಾಸಿದೆ ಸಾರ್. ಗೊತ್ತಾಗ್ತಿಲ್ಲ."

ಇನ್ಸ್‌ಪೆಕ್ಟರು ಹಾಗಾದರೆ ತಿರುವಿನ ಲಾಂಡ್ರಿಯಲ್ಲಿ ಕೇಳುತ್ತೇನೆ ಎಂದ. ಚೀಲ ಮಡಚಿ ಹೊರಟ.

ಅವಳು ಮುಂದಿನ ಬಟ್ಟೆ ಎಳೆದುಕೊಂಡಳು. ಹಾಕಿದ ಗುರುತು ಬಾಚಣಿಗೆಯೂ ಆಗಲಿಲ್ಲ, ಮೀನೂ ಆಗಲಿಲ್ಲ. ಶರ್ಟನ್ನು ಯಾರೋ ಕದ್ದಿರಬಹುದು. ತಮ್ಮ ಅದನ್ನು ಬಿಚ್ಚಿಟ್ಟು ಬೇರೆ ಹಾಕಿಕೊಂಡಿರಬಹುದು. ಹೌದೆಂದರೆ ನಾಳೆ ಪೇಪರಿನಲ್ಲಿ ಬಾಂಬಿಟ್ಟವನ ಅಕ್ಕ. ಮನೆಗೆ ಕಲ್ಲು ಬೀಳುತ್ತದೆ. ಇಲ್ಲವೆಂದರೆ? ಮಧ್ಯಾಹ್ನ ಅವನನ್ನು ಸಾಗಿಸುತ್ತಾರೆ. ಗೋಡೆ ಗಡಿಯಾರದಲ್ಲಿ ಹನ್ನೊಂದೂ ಇಪ್ಪತ್ತು.

ಇಸ್ತ್ರಿ ಮೇಜಿನಿಂದ ಅವಳ ಗೆಳತಿ ಬಂದಳು. ಎಲ್ಲರಿಗೂ ಅವಳು ಇಸ್ತ್ರಿ ಅತ್ತಿಗೆ.

"ಯಾಕೆ ಗುರುತಕ್ಕ, ಮುಖ ಒಗೆದು ಹಿಂಡಿದ ಹಾಗಾಗಿದೆ?"

"ಅದು ವಕೀಲರ ಶರ್ಟು ಅತ್ತಿಗೆ. ನಾನೇ ಗಾಳಿ ಹಾಕಿದ್ದು. ತಮ್ಮನಿಗೆ."

ಅತ್ತಿಗೆಯ ಕೈ ಬಾಯಿಗೆ ಹೋಯಿತು. ಆಮೇಲೆ ಆ ಕೈಯಲ್ಲೇ ಗುರುತಕ್ಕನ ರಟ್ಟೆ ಹಿಡಿದು ಎಬ್ಬಿಸಿದಳು. "ಮತ್ತಿನ್ನೂ ಇಲ್ಲಿ ಕೂತು ಏನು ರಂಗೋಲಿ ಹಾಕ್ತಿದೀಯೇ? ಓಡು!"

"ಹೇಳಿದ್ರೆ ನಿಮ್ಮೆಲ್ಲರ ಕೆಲಸಾನೂ..."

"ಅದು ಆಮೇಲೆ. ನಡಿ, ನಾನೂ ಬರ್ತೀನಿ."

ಜೀಪು ತಿರುವಿನ ಇನ್ನೊಂದು ಲಾಂಡ್ರಿಯ ಮುಂದೆ ನಿಂತಿತ್ತು. ಶರ್ಟನ್ನು ತಮ್ಮನಿಗೆ ಕೊಟ್ಟದ್ದನ್ನು ಅವಳು ಏದುಸಿರಲ್ಲೇ ಹೇಳಿದಳು. ಇನ್ಸ್‌ಪೆಕ್ಟರು ಬೈಯಲಿಲ್ಲ, ಹಿಂದಿನ ಬಾಗಿಲು ತೆರೆದ. ಬೈದಿದ್ದರೇ ವಾಸಿಯಿತ್ತು ಅನ್ನಿಸಿತು ಅವಳಿಗೆ.

ಆಸ್ಪತ್ರೆಯಲ್ಲಿ ಮಂಚದ ಎರಡೂ ಕಡೆ ಬಂದೂಕು. ಮಲಗಿದವನ ತಲೆ, ಮುಖ, ಕೈ ಎಲ್ಲ ಬಿಳಿ ಸುತ್ತು. ಕಂಡದ್ದು ಮುಚ್ಚಿದ ಒಂದು ಕಣ್ಣಿನ ಊದಿದ ರೆಪ್ಪೆ ಮಾತ್ರ. ಇವನಲ್ಲ, ಎಂದಿತು ಮನಸ್ಸು. ಇವನಾಗಿರದಿರಲಿ.

"ಸರಿಯಾಗಿ ನೋಡಿ ಹೇಳಮ್ಮ. ಕಣ್ಣೀರು ಹಾಕಿ ಹೇಳೋದಲ್ಲ," ಎಂದ ಇನ್ಸ್‌ಪೆಕ್ಟರು.

ಅವಳು ಅತ್ತಿರಲಿಲ್ಲ. ಮಂಚದ ಕಾಲ್ದೆಸೆಗೆ ಹೋಗಿ ಹೊದಿಕೆ ಎತ್ತಿದಳು. ಅಮ್ಮ ಕೆಲಸಕ್ಕೆ ಹೋಗುತ್ತಿದ್ದ ಕಾಲದಲ್ಲಿ, ಸ್ಕೂಲು ಬಿಡಿಸಿ ಮನೆಯಲ್ಲಿ ಕೂರಿಸಿದ್ದ ಅವಳೇ ಪುಟ್ಟ ತಮ್ಮನಿಗೆ ನೀರು ಹಾಕಿದ್ದು, ಉಗುರು ಕತ್ತರಿಸಿದ್ದು, ಮೊದಲ ಚಪ್ಪಲಿ ತೊಡಿಸಲು ಒದ್ದಾಡಿದ್ದು. ಬಲಗಾಲಿನ ಎರಡನೇ ಬೆರಳು ಅಂದಿನ ಹಾಗೇ ಮೂರನೆಯದರ ಮೇಲೆ ಸವಾರಿ ಮಾಡಿತ್ತು.

"ನನ್ನ ತಮ್ಮ," ಎಂದಳು.

"ಕಾಲು ನೋಡಿ ಹೇಳ್ತೀರಾ?"

"ನಾನೇ ಸಾಕಿದ್ದು ಸಾರ್."

ನರ್ಸು ಆಪರೇಷನ್ನಿನ ಒಪ್ಪಿಗೆ ಕಾಗದ ಹಿಡಿದು ಬಂದಳು. "ಗಂಡಸರು ಯಾರಾದ್ರೂ ಬಂದಿದಾರಾ?"

"ಗಂಡಸು ಮಂಚದ ಮೇಲೆ ಮಲಗಿದಾನಲ್ಲಮ್ಮ," ಎಂದಳು ಇಸ್ತ್ರಿ ಅತ್ತಿಗೆ ಹಿಂದಿನಿಂದ. "ಇವಳ ಕೈಯಲ್ಲಿ ಹಾಕಿಸು."

ಗುರುತಕ್ಕ ಸಹಿ ಹಾಕಿದಳು. ಮಂಚ ಗಡಗಡ ಸದ್ದು ಮಾಡುತ್ತಾ ಹೋಯಿತು, ಬಂದೂಕಿನವರೂ ಜೊತೆಗೆ ಹೋದರು. ಅಷ್ಟರಲ್ಲಿ ಪೊಲೀಸರು ಕರೆಸಿದ ಲಾಂಡ್ರಿ ಯಜಮಾನರು ಬೆವರೊರೆಸಿಕೊಳ್ಳುತ್ತಾ ಬಂದು ನಿಂತಿದ್ದರು.

"ತಮ್ಮ ಅಂದಮಾತ್ರಕ್ಕೆ ಮುಗೀಲಿಲ್ಲ," ಎಂದ ಇನ್ಸ್‌ಪೆಕ್ಟರು. "ಅವನು ಯಾರ ಜೊತೆ ಮಾತಾಡಿದ, ಎಲ್ಲೆಲ್ಲಿ ಹೋದ, ಎಲ್ಲ ಬೇಕು. ಮೊದಲು ಇದು ಹೇಳಿ. ಗಿರಾಕಿಗಳ ಬಟ್ಟೆ ಹೀಗೆ ಹೊರಗೆ ಕೊಡೋದು ಎಷ್ಟು ದಿನದಿಂದ? ಇನ್ನೂ ಯಾರ್ಯಾರು ಇದ್ದೀರಿ?"

ಅವಳು ಬೆನ್ನ ಹಿಂದಿದ್ದ ಅತ್ತಿಗೆಯತ್ತ ತಿರುಗಲಿಲ್ಲ.

"ಯಾರೂ ಇಲ್ಲ ಸಾರ್. ನಾನೊಬ್ಬಳೇ. ಇದೊಂದೇ ಸಲ."

"ನಾಳೆಯಿಂದ ಬರಬೇಡ," ಎಂದರು ಯಜಮಾನರು.

ಅವಳು ತಲೆಯಾಡಿಸಿದಳು. ಇನ್ಸ್‌ಪೆಕ್ಟರು ಹೊಸ ಹಾಳೆ ತಿರುವಿ, ಸೋಮವಾರ ಸಂಜೆಯಿಂದ ಹೇಳಿ ಎಂದ. ತಮ್ಮ ಎಷ್ಟು ಗಂಟೆಗೆ ಬಂದ, ಏನು ಉಂಡ, ಎಲ್ಲಿ ಮಲಗಿದ ಎಂದು ಅವಳು ಒಂದೊಂದಾಗಿ ಹೇಳತೊಡಗಿದಳು. ಕಣ್ಣು ಮಾತ್ರ ಆಪರೇಷನ್ ಕೋಣೆಯ ಮುಚ್ಚಿದ ಬಾಗಿಲಿನ ಮೇಲಿತ್ತು. ನಡುವೆ ಯಾರೋ ಅದನ್ನು ತೆರೆದು ಹೊರಬಂದಾಗ ಅವಳ ಮಾತು ನಿಂತಿತು. ಬಂದವನು ಬಕೆಟ್ಟು ಹಿಡಿದ ಕೆಲಸದವನು. ಅವನು ದಾಟಿಹೋದ ಮೇಲೆ, ಎಲ್ಲಿಯವರೆಗೆ ಹೇಳಿದ್ದೆ ಎಂದು ಅವಳೇ ಕೇಳಿ ಮತ್ತೆ ಶುರುಮಾಡಿದಳು.