ಮಗ್ಗದ ಮರದ ಕಪಾಟು

ನಮ್ಮ ನಡುಮನೆಯಲ್ಲಿ ಒಂದು ಕಪಾಟಿದೆ. ಮನೆಗೆ ಬಂದವರೆಲ್ಲ ಅದನ್ನು ಸವರಿ ನೋಡಿ, "ಎಂಥಾ ಮರ ಮೇಷ್ಟ್ರೇ! ಎಲ್ಲಿ ಸಿಕ್ತು ನಿಮಗೆ?" ಎಂದು ಕೇಳುತ್ತಾರೆ. ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತದೆ. ಮರ ಹುಡುಕಿದವನು ನಾನಲ್ಲ, ಆವಲಪ್ಪ. ಅವನ ವಿಷಯ ಹೇಳಬೇಕಾದರೆ ನನ್ನ ಮಾನವನ್ನು ನಾನೇ ಕಳೆಯಬೇಕು. ಹೋಗಲಿ ಬಿಡಿ, ಉಳಿದಿರುವುದಾದರೂ ಎಷ್ಟು.

ಆವಲಪ್ಪ ನಮ್ಮೂರಿನವನೇ, ಕೆಳಗಿನ ಕೇರಿಯವನು. ನಮ್ಮೂರು ಎಂದರೆ ದೊಡ್ಡಬೆಳವಂಗಲದಿಂದ ಎರಡು ಮೈಲಿ. ಆ ಕೇರಿಯಿಂದ ಟ್ರೈನಿಂಗ್ ಮುಗಿಸಿ ಮೇಷ್ಟ್ರಾದ ಮೊದಲನೆಯವನು ಅವನು. ಅರವತ್ತಮೂರರಲ್ಲಿ ನನ್ನ ಶಾಲೆಗೇ ಬಂದ. ಅವನಿಗೆ ಒಂದು, ಎರಡನೇ ಕ್ಲಾಸು. ನನಗೆ ಮೂರು, ನಾಲ್ಕು. ಕೆಲಸವೂ ಒಂದೇ, ಸಂಬಳವೂ ಒಂದೇ. ವಯಸ್ಸಿನಲ್ಲಿ ನನಗಿಂತ ಎರಡು ವರ್ಷ ದೊಡ್ಡವನು. ಆದರೂ ಅವನು ನನ್ನನ್ನು "ಮೇಷ್ಟ್ರೇ, ನೀವು" ಎನ್ನುತ್ತಿದ್ದ. ನಾನು "ಆವಲಪ್ಪ, ನೀನು" ಎನ್ನುತ್ತಿದ್ದೆ. ಇದು ಸರಿಯಲ್ಲ ಎಂದು ನನಗೆ ಒಂದು ದಿನವೂ ಅನ್ನಿಸಲಿಲ್ಲ.

ಆಳು ಎತ್ತರ, ಕೈ ಉದ್ದ. ಕುರ್ಚಿ ಇಲ್ಲದೆಯೇ ಶಾಲೆಯ ಸೂರಿನ ಹೆಂಚು ಸರಿ ಮಾಡುತ್ತಿದ್ದ. ಅವನಿಗೆ ಇದ್ದದ್ದು ಒಂದೇ ಚಟ, ಪುಸ್ತಕ. ಬೆಂಗಳೂರಿಗೆ ಹೋದರೆ ಹಳೇ ಪುಸ್ತಕದ ಅಂಗಡಿಗಳ ಮುಂದೆ ಕುಕ್ಕರಗಾಲಲ್ಲಿ ಕೂತುಬಿಡುತ್ತಿದ್ದ. ನೂರೈವತ್ತು ಪುಸ್ತಕ ಸೇರಿಸಿದ್ದ. ಶನಿವಾರ ಶಾಲೆ ಬಿಟ್ಟ ಮೇಲೆ ಮರದ ಕೆಳಗೆ ಮಕ್ಕಳನ್ನು ಕೂರಿಸಿಕೊಂಡು ಓದಿ ಹೇಳುತ್ತಿದ್ದ. ಆ ಕೇರಿ ಈ ಕೇರಿ ಎನ್ನದೆ ಮಕ್ಕಳೆಲ್ಲ ಕೂರುತ್ತಿದ್ದವು.

ಪುಸ್ತಕಗಳು ಇದ್ದದ್ದು ಗೋಣಿಚೀಲದಲ್ಲಿ, ಮಣ್ಣಿನ ಗೋಡೆಗೆ ಒರಗಿ. ಒಂದು ದಿನ ದೊಡ್ಡ ನಿಘಂಟನ್ನು ಶಾಲೆಗೆ ತಂದು ನನ್ನ ಮೇಜಿನ ಮೇಲಿಟ್ಟ. ರಟ್ಟು ತೆರೆದರೆ ಒಳಗೆ ಬರೀ ಗೆದ್ದಲು ಮಣ್ಣು.

"ಅ ಇಂದ ತ ತನಕ ತಿಂದವೆ ಮೇಷ್ಟ್ರೇ," ಎಂದು ನಕ್ಕ. "ಇನ್ನೊಂದು ಮಳೆಗಾಲ ಬಂದ್ರೆ ಒಂದೂ ಉಳಿಯಲ್ಲ."

ಆಗ ಅವನು ಕೇರಿಯಲ್ಲಿ ಹೊಸ ಮನೆ ಕಟ್ಟುತ್ತಿದ್ದ. ಗೋಡೆ ಏಳುವಾಗಲೇ ಕಪಾಟಿಗೆಂದು ಒಂದು ಗೂಡು ಬಿಟ್ಟಿದ್ದ. ಅವನ ಹೆಂಡತಿ ಸಪ್ಪಲಮ್ಮ, "ದೇವ್ರಿಗೆ ಗೂಡು ಬಿಡಿ ಅಂದ್ರೆ ಕಾಗದಕ್ಕೆ ಬಿಟ್ಟವ್ರೆ ನೋಡಿ" ಎಂದು ಊರೆಲ್ಲ ಹೇಳಿಕೊಂಡು ನಗುತ್ತಿದ್ದಳು. ಅರವತ್ತೇಳರ ಮಳೆಗಾಲದೊಳಗೆ ಆ ಗೂಡಿಗೆ ಕಪಾಟು ಕೂರಬೇಕು, ಪುಸ್ತಕ ನೆಲ ಬಿಟ್ಟು ಏಳಬೇಕು. ಅವನ ತಲೆಯಲ್ಲಿ ಆಗ ಅದೊಂದೇ.

ಭಾನುವಾರ ಬಂದರೆ ಸೈಕಲ್ ಹತ್ತಿ ಮರ ಹುಡುಕಲು ಹೋಗುತ್ತಿದ್ದ. ದೊಡ್ಡಬಳ್ಳಾಪುರದ ಸಾಮಿಲ್‌ನಲ್ಲಿ ತೇಗ ಮುಟ್ಟುವ ಹಾಗಿರಲಿಲ್ಲ. ಮಾವಿನ ಹಲಗೆ ಕೈಗೆಟುಕುತ್ತಿತ್ತು, ಆದರೆ ಎರಡೇ ವರ್ಷಕ್ಕೆ ಹುಳ ಬಿದ್ದು ಪುಡಿ ಉದುರುತ್ತದೆ. ನೆಲಮಂಗಲದವರೆಗೂ ತುಳಿದು ಬರಿಗೈಯಲ್ಲಿ ಬಂದ. ಕೊನೆಗೆ ಮರ ಸಿಕ್ಕಿದ್ದು ಮರದ ಅಂಗಡಿಯಲ್ಲಲ್ಲ, ದೊಡ್ಡಬಳ್ಳಾಪುರದ ನೇಕಾರರ ಬೀದಿಯಲ್ಲಿ. ಆಗ ಅಲ್ಲಿ ಮನೆಮನೆಗೂ ಕರೆಂಟು ಮಗ್ಗ ಬರುತ್ತಿತ್ತು, ಕೈಮಗ್ಗಗಳನ್ನು ಬಿಚ್ಚಿ ಬೀದಿಗೆ ಒರಗಿಸುತ್ತಿದ್ದರು. ರಾಮಾಂಜಿನಪ್ಪ ಎಂಬ ನೇಕಾರ ತನ್ನ ತಂದೆ ಕಾಲದ ಮಗ್ಗವನ್ನು ಬಿಚ್ಚಿ ಹಂಡೆ ಒಲೆಯ ಪಕ್ಕ ಪೇರಿಸಿದ್ದನಂತೆ. ಎಲ್ಲ ಹೊನ್ನೆ ಮರ, ಮೂವತ್ತು ವರ್ಷ ಮನೆಯೊಳಗೇ ಒಣಗಿದ್ದು.

"ಒಲೆಗೆ ಹಾಕೋಕೆ ಕೈ ಬರ್ತಿಲ್ಲ ಸ್ವಾಮಿ. ಪುಸ್ತಕ ಇಡ್ತೀನಿ ಅಂತೀರಾ, ತಗೊಂಡೋಗಿ," ಎಂದನಂತೆ ರಾಮಾಂಜಿನಪ್ಪ. ಯಾವೂರು ಎಂದು ಕೇಳಿದನಂತೆ, ಯಾವ ಜನ ಎಂದು ಕೇಳಲಿಲ್ಲವಂತೆ. ಇದನ್ನು ಆವಲಪ್ಪ ನನಗೆ ಎರಡು ಸಲ ಹೇಳಿದ.

ಹಳೇ ಮರದಲ್ಲಿ ಮೊಳೆ ಇರುತ್ತದೆ, ಗರಗಸ ಮುರಿಯುತ್ತದೆ ಎಂದು ಸಾಮಿಲ್‌ನವರು ತಕರಾರು ತೆಗೆದರು. ಆವಲಪ್ಪ ಅಲ್ಲೇ ಕೂತು ಇಕ್ಕಳದಲ್ಲಿ ಒಂದೊಂದೇ ಮೊಳೆ ಕಿತ್ತ. ಸೀಳಿಸಿದ ಹಲಗೆಗಳನ್ನು ಸೈಕಲ್ಲಿಗೆ ಕಟ್ಟಿ ಊರಿನವರೆಗೂ ತಳ್ಳಿಕೊಂಡೇ ಬಂದ. ಉಪ್ಪುಕಾಗದ ಹಾಕಿ ತಾನೇ ಉಜ್ಜಿದ. ಕಬ್ಬಿಣದ ಸ್ಕ್ರೂ ತುಕ್ಕು ಹಿಡಿಯುತ್ತದೆಂದು ಹಾರ್ಡ್‌ವೇರ್ ಅಂಗಡಿಯಲ್ಲಿ ಜಗಳ ಆಡಿ ಹಿತ್ತಾಳೆಯದೇ ತಂದ. ಹಲಗೆ ಮೂಸಿದರೆ ಇನ್ನೂ ನೂಲಿಗೆ ಹಾಕುವ ಗಂಜಿಯ ವಾಸನೆ ಬರುತ್ತಿತ್ತು.

ಇಷ್ಟಾದ ಮೇಲೆ ನಾನು ಅಡ್ಡ ಬಂದೆ.

"ಪ್ಯಾಟೆ ಬಡಗಿ ಹತ್ರಾನೇ ಜೋಡಿಸ್ಕೊಂಡು ಬಂದ್ಬಿಡ್ತೀನಿ ಮೇಷ್ಟ್ರೇ," ಎಂದಿದ್ದ ಅವನು. ನಮ್ಮೂರ ಆಚಾರಿ ಗಂಗಣ್ಣನನ್ನು ಆಗಲೇ ಕೇಳಿ ನೋಡಿದ್ದ. ಗಂಗಣ್ಣ, "ನಿನ್ನ ಕಪಾಟು ಮಾಡ್ಕೊಟ್ರೆ ಊರೋರು ಸುಗ್ಗೀಲಿ ನನಗೆ ರಾಗಿ ಕೊಡೋದ್ ನಿಲ್ಲಿಸ್ತಾರೆ ಕಣಪ್ಪಾ" ಎಂದು ಕೈ ಮುಗಿದಿದ್ದ. ನನಗೆ ದೊಡ್ಡಸ್ತಿಕೆ ಬಂತು. ಊರಲ್ಲಿ ನಾನೊಬ್ಬ ಇರುವಾಗ ನಿನಗೇನು ಚಿಂತೆ ಎಂದೆ. ಮರ ನಮ್ಮ ಮನೆಗೆ ತಂದು ಹಾಕು, ನನ್ನದೇ ಅಂತ ಹೇಳಿ ಮಾಡಿಸುತ್ತೇನೆ, ಆಮೇಲೆ ಗಾಡಿಯಲ್ಲಿ ಕಳಿಸುತ್ತೇನೆ ಎಂದೆ. ಆವಲಪ್ಪ ಹಲಗೆ, ಸ್ಕ್ರೂ ಎಲ್ಲ ನಮ್ಮ ಹಿತ್ತಲಿಗೆ ತಂದು ಹಾಕಿದ. ಆಮೇಲೆ ಗೂಡಿನ ಅಗಲಕ್ಕೆ ಕತ್ತರಿಸಿದ ಹೊಂಗೆ ಕಡ್ಡಿಯೊಂದನ್ನು ತಂದುಕೊಟ್ಟ. ಅವನ ಕೈಯಲ್ಲಿ ಅದು ಸರಿಯಾಗಿ ಎರಡು ಮೊಳ.

ಗಂಗಣ್ಣ ನಮ್ಮ ಹಿತ್ತಲಿಗೆ ಬಂದು ಹಲಗೆ ನೋಡಿ, ಉಜ್ಜುವ ಕೆಲಸವೇ ಇಲ್ಲವಲ್ಲ ಎಂದು ಖುಷಿಪಟ್ಟ. ಕಡ್ಡಿ ಕೊಟ್ಟರೆ ಮಾತ್ರ ಮುಟ್ಟಲಿಲ್ಲ.

"ಕಡ್ಡಿ ಅಳತೆ ಹೆಣದ ಗುಂಡಿ ತೋಡೋಕೆ ಮೇಷ್ಟ್ರೇ. ಮನೆಯೊಳಗೆ ನಿಲ್ಲೋ ಮರಗೆಲಸಕ್ಕೆ ಯಜಮಾನನ ಮೊಳಾನೇ ಆಗ್ಬೇಕು. ಇಲ್ದಿದ್ರೆ ಮನೆಗೆ ಏಳ್ಗೆ ಇಲ್ಲ. ಎಲ್ಲಿ, ಕೈ ನೀಡಿ."

ಅಲ್ಲೇ ನಿಜ ಹೇಳಬಹುದಿತ್ತು. ನಾನು ಅಂಗಿ ತೋಳು ಮಡಚಿ ಕೈ ನೀಡಿದೆ. ನನ್ನದು ಗಿಡ್ಡ ಕೈ. ಎರಡು ಮೊಳಕ್ಕೆ ಅವನ ಕಡ್ಡಿಗಿಂತ ನಾಲ್ಕು ಬೆರಳು ಕಮ್ಮಿ ಬಂತು. ಅಷ್ಟು ತಾನೇ ಎಂದುಕೊಂಡೆ.

ಐದು ದಿನಕ್ಕೆ ಕಪಾಟು ಮುಗಿಯಿತು. ಮಳೆ ಮೋಡ ಹಾಕಿದ್ದರಿಂದ ನಡುಮನೆಯಲ್ಲಿ ನಿಲ್ಲಿಸಿದೆವು. ನನ್ನ ತಾಯಿ ಲಕ್ಕಮ್ಮನಿಗೆ ಗುರುವಾರವೇ ಹೇಳಿದ್ದೆ, "ಇದು ಆವಲಪ್ಪಂದು, ಭಾನುವಾರ ಹೋಗುತ್ತೆ" ಎಂದು. ಶುಕ್ರವಾರ ನಾನು ಶಾಲೆಯಿಂದ ಬರುವಷ್ಟರಲ್ಲಿ ಕಪಾಟಿಗೆ ಅರಿಶಿನ ಕುಂಕುಮ ಬಿದ್ದಿತ್ತು. ಮೇಲಿನ ಹಲಗೆಯ ಮೇಲೆ ಲಕ್ಷ್ಮೀ ಪಟ, ದೀಪ.

"ಏನವ್ವಾ ಇದು?" ಎಂದು ಕೂಗಿದೆ.

"ನಿನ್ನ ಮೊಳ ಹಿಡಿದು ಮಾಡಿರೋದು ನಿನ್ನ ಮನೇದು," ಎಂದಳು. "ಕುಂಕುಮ ಇಟ್ಟಿದ್ದೀನಿ. ಮನೆ ಲಕ್ಷ್ಮೀನ ಎತ್ತಿ ಆ ಕೇರಿಗೆ ಕಳಿಸ್ತೀಯೇನೋ? ಕಳಿಸಂಗಿದ್ರೆ ಮೊದ್ಲು ನನ್ನ ಕಳಿಸು."

ಎರಡು ದಿನ ಅವಳ ಜೊತೆ ಮಾತಾಡಲಿಲ್ಲ. ಅಷ್ಟೇ ನನ್ನ ಗಂಡಸುತನ.

ಭಾನುವಾರ ಬೆಳಿಗ್ಗೆ ಆವಲಪ್ಪ ಹೆಗಲ ಮೇಲೆ ಹಗ್ಗ ಹಾಕಿಕೊಂಡು ಬಂದ. ಎಂದಿನಂತೆ ಜಗಲಿಯ ಕೆಳಗೆ ನಿಂತ. ಬಾಗಿಲು ತೆರೆದಿತ್ತು. ಅವನೇ ಹೊತ್ತು ತಂದ ಮರ ನಮ್ಮ ನಡುಮನೆಯಲ್ಲಿತ್ತು. ಒಳಗೆ ಹೋಗಿ ಮುಟ್ಟುವ ಹಾಗಿರಲಿಲ್ಲ. ಅಲ್ಲಿಂದಲೇ ಕತ್ತು ಬಗ್ಗಿಸಿ ನೋಡಿದ. ಮುಖ ಅರಳಿತು.

"ಚೆಂದಾಗಿ ಬಂದೈತೆ ಮೇಷ್ಟ್ರೇ. ನಾಕು ಬೆರಳು ಕಮ್ಮಿ ಐತೆ ಅನ್ಸುತ್ತೆ. ಪರ್ವಾಗಿಲ್ಲ, ಪಕ್ಕಕ್ಕೆ ಮಣ್ಣು ಮೆತ್ಕೊತೀನಿ." ಆಮೇಲೆ ದೀಪ ಕಂಡಿತು.

ನನ್ನ ತಾಯಿ ಹೊಸಿಲ ಮೇಲೆ ಬಂದು ನಿಂತಳು. "ಕುಂಕುಮ ಇಟ್ಟಾಗೈತೆ ಕಣಪ್ಪಾ ಆವಲಪ್ಪ. ಇನ್ನು ಎತ್ತಂಗಿಲ್ಲ. ಓದಿರೋನು ನೀನು, ನೀನೇ ಹೇಳು."

ಅವನು ನನ್ನ ಮುಖ ನೋಡಿದ. ನಾನು ಒಂದು ಮಾತು ಆಡಿದ್ದರೆ ಸಾಕಿತ್ತು. ಅವ್ವಾ, ಪಕ್ಕಕ್ಕೆ ಸರಿ ಎಂದಿದ್ದರೆ ಸಾಕಿತ್ತು. ನಾನು ಆಡಿದ ಮಾತು ಯಾವುದು ಗೊತ್ತೇ? "ಕಾಫಿ ಕುಡ್ಕೊಂಡು ಹೋಗು ಆವಲಪ್ಪ" ಎಂದೆ. ಥೂ ನನ್ನ ಬಾಯಿಗಿಷ್ಟು!

ಅವನು ಹಗ್ಗವನ್ನು ಮೊಣಕೈಗೆ ನಿಧಾನವಾಗಿ ಸುತ್ತಿಕೊಂಡ.

"ಉಳಿದಿರೋ ಸ್ಕ್ರೂ ಇದ್ರೆ ಕೊಡ್ತೀರಾ ಮೇಷ್ಟ್ರೇ?"

ಏಳು ಸ್ಕ್ರೂ ಉಳಿದಿದ್ದವು. ಅವನು ಬೊಗಸೆ ಒಡ್ಡಿದ, ನಾನು ಮೇಲಿನಿಂದ ಹಾಕಿದೆ. ಬೆರಳು ತಾಕದ ಹಾಗೆ ಹಾಕುವುದು ನನ್ನ ಕೈಗೆ ಅಭ್ಯಾಸವಾಗಿತ್ತು.

ಆ ವರ್ಷ ಮಳೆ ಚೆನ್ನಾಗಿ ಹೊಡೆಯಿತು. ಪುಸ್ತಕಗಳು ಏನಾದವು ಎಂದು ನಾನು ಕೇಳಲಿಲ್ಲ, ಅವನು ಹೇಳಲಿಲ್ಲ. ಶನಿವಾರ ಓದಿ ಹೇಳುವುದು ಮಾತ್ರ ನಿಂತಿತು. ಮಕ್ಕಳು ಕೇಳಿದರೆ, "ಮನೇಲಿ ಕೆಲ್ಸ ಐತೆ ಕಣ್ರಪ್ಪಾ" ಎಂದು ಸೈಕಲ್ ಹತ್ತುತ್ತಿದ್ದ. ನನ್ನ ಮೇಲೆ ಒಂದು ದಿನವೂ ರೇಗಲಿಲ್ಲ. ಮೇಷ್ಟ್ರೇ ಎನ್ನುವುದನ್ನು ಬಿಡಲಿಲ್ಲ. ರೇಗಿ ಬೈದಿದ್ದರೆ ನಾನೂ ಎದುರು ಬೈದು ಮರೆಯುತ್ತಿದ್ದೆನೇನೋ. ಎಪ್ಪತ್ತೆರಡರಲ್ಲಿ ಅವನಿಗೆ ಸೋಂಪುರದ ಕಡೆ ವರ್ಗವಾಯಿತು. ಸಂಸಾರ ಇಲ್ಲೇ ಇತ್ತು, ಭಾನುವಾರ ಬಂದು ಹೋಗುತ್ತಿದ್ದ.

ಎಪ್ಪತ್ತೈದರಲ್ಲಿ ನನ್ನ ತಾಯಿ ತೀರಿಕೊಂಡಳು. ತಿಥಿ ಮುಗಿದ ಮೇಲೆ ಸುಣ್ಣ ಬಳಿಸಲು ಕಪಾಟು ಸರಿಸಿ ಹಲಗೆಗಳನ್ನು ಬಿಚ್ಚಿದೆ. ಒಂದೊಂದರ ಅಡಿಯಲ್ಲೂ ಪೆನ್ಸಿಲ್ ಬರಹ. ಗಂಗಣ್ಣನಿಗೆ ಓದಲು ಬರುತ್ತಿರಲಿಲ್ಲ, ಅಳಿಸಿರಲಿಲ್ಲ. ಆವಲಪ್ಪನ ದುಂಡು ಅಕ್ಷರ. 'ಮೇಲೆ, ಹೊಸ ನಿಘಂಟು.' 'ನಡುವೆ, ಮಕ್ಕಳವು.' ಕೆಳಗಿನ ಹಲಗೆಯಲ್ಲಿ, 'ಸಪ್ಪಲಿಯ ಬಳೆ ಪೆಟ್ಟಿಗೆ.' ಎಂಟು ವರ್ಷ ಆ ಹಲಗೆಯ ಮೇಲೆ ನಮ್ಮ ಉಪ್ಪಿನಕಾಯಿ ಜಾಡಿ ಕೂತಿತ್ತು. ನಾನು ನೆಲದ ಮೇಲೆ ಕೂತು ಅತ್ತುಬಿಟ್ಟೆ. ತಾಯಿ ಸತ್ತಾಗ ಅಷ್ಟು ಅತ್ತಿರಲಿಲ್ಲ.

ಭಾನುವಾರ ಕಪಾಟನ್ನು ಮತ್ತೆ ಜೋಡಿಸಿ, ಕುಂಕುಮ ಒರೆಸಿ, ಚಿಕ್ಕಬೀರಪ್ಪನ ಎತ್ತಿನ ಗಾಡಿಗೆ ಹಾಕಿಸಿ ಕೇರಿಗೆ ಹೊರಟೆ. ಚಿಕ್ಕಬೀರಪ್ಪ ನಮ್ಮ ಜನವೇ. ದಾರಿಯುದ್ದಕ್ಕೂ, "ಅಲ್ಲಿಗ್ಯಾಕೆ ಮೇಷ್ಟ್ರೇ ಇದು?" ಎನ್ನುತ್ತಿದ್ದ. ಸುಮ್ಮನೆ ಹೊಡಿ ಎಂದು ಗದರಿದೆ. ಈ ಸಲ ನನ್ನ ಬಾಯಿ ಜೋರಿತ್ತು.

ಆವಲಪ್ಪ ಮನೆಯಲ್ಲೇ ಇದ್ದ. ಕೂದಲು ನರೆತಿತ್ತು. ಸಪ್ಪಲಮ್ಮ ಬಾಗಿಲಿಗೆ ಬಂದು ಗಾಡಿ ನೋಡಿದಳು, ಒಳಗೆ ಹೋದಳು.

"ನಿನ್ನ ಕಪಾಟು ಆವಲಪ್ಪ," ಎಂದೆ. "ತಪ್ಪಾಗೋಯ್ತು. ತಗೋ."

ಅವನು ಗಾಡಿಯ ಹತ್ತಿರ ಬಂದು ಮೊದಲ ಸಲ ಅದನ್ನು ಮುಟ್ಟಿದ. ಬಾಗಿಲು ತೆರೆದ, ಮುಚ್ಚಿದ. ಮೂಸಿ ನೋಡಿದ. ಆಮೇಲೆ ತನ್ನ ಮನೆಯ ಬಾಗಿಲ ಕಡೆ ಕೈ ತೋರಿಸಿದ.

"ಬನ್ನಿ ಮೇಷ್ಟ್ರೇ. ಒಳಗೆ ಬಂದು, ಎಲ್ಲಿಡೋದು ಅಂತ ನೀವೇ ನೋಡಿ ಹೇಳಿ. ಇಬ್ರೂ ಒಂದೊಂದು ಕಡೆ ಹಿಡ್ಕೊಂಡೇ ಹೋಗೋಣ."

ಆ ಮನೆ ಕಟ್ಟಿ ಎಂಟು ವರ್ಷವಾಗಿತ್ತು. ನಾನು ಒಂದು ಸಲವೂ ಒಳಗೆ ಹೋಗಿರಲಿಲ್ಲ. ಗಾಡಿಯಿಂದ ಇಳಿದೆ. ನಾಲ್ಕು ಹೆಜ್ಜೆ ಇಟ್ಟೆ. ಹಿಂದೆ ಚಿಕ್ಕಬೀರಪ್ಪ ಬೀಡಿ ಹಚ್ಚುವುದನ್ನೂ ಬಿಟ್ಟು ನನ್ನನ್ನೇ ನೋಡುತ್ತಿದ್ದ. ಸಾಯಂಕಾಲದೊಳಗೆ ಊರೆಲ್ಲ ಸುದ್ದಿ. ನನ್ನ ಮಗಳಿಗೆ ಗಂಡು ನೋಡುತ್ತಿದ್ದೆವು.

"ಇಲ್ಲೇ ಜಗಲಿ ಮೇಲೆ ಇಳಿಸಿ ಹೋಗ್ತೀನಿ ಆವಲಪ್ಪ. ಹೊತ್ತಾಯ್ತು," ಎಂದೆ.

ಅವನಿಗೆ ಆಶ್ಚರ್ಯವಾದ ಹಾಗೆ ಕಾಣಲಿಲ್ಲ. ಕಪಾಟಿನ ಬಾಗಿಲಿಗೆ ಚಿಲಕ ಹಾಕಿದ. ಗಾಡಿ ಕುಲುಕಿದರೆ ಬಾಗಿಲು ಬಡಿದುಕೊಳ್ಳಬಾರದೆಂದು ಜಗಲಿಯಿಂದ ಹಗ್ಗ ತಂದು ಸುತ್ತಲೂ ಕಟ್ಟಿದ.

"ತಗೊಂಡೋಗಿ ಮೇಷ್ಟ್ರೇ. ನಿಮ್ಮ ಮೊಳದ್ದು, ನಿಮ್ಮನೇಲೇ ಇರ್ಲಿ."

ವಾಪಸು ತಂದೆ. ಈಗ ನಮ್ಮ ನಡುಮನೆಯಲ್ಲೇ ಇದೆ. ಆವಲಪ್ಪ ಗೋಡೆಯಲ್ಲಿ ಬಿಟ್ಟ ಆ ಗೂಡು ಈಗಲೂ ಖಾಲಿ ಇದೆಯೋ, ಮಣ್ಣು ತುಂಬಿ ಮುಚ್ಚಿದ್ದಾನೋ, ನನಗೆ ಗೊತ್ತಿಲ್ಲ. ನಾನು ಒಳಗೆ ಹೋಗಿ ನೋಡಿದವನಲ್ಲ.